ಮಗುವಿಗೆ ಮೊಟ್ಟೆ, ಕಡಲೆಬೀಜ ಯಾವಾಗ? ದೇಹ ಆಹಾರವನ್ನು ಒಪ್ಪಿಕೊಳ್ಳುವ ಬಗೆ

(ತಾಲ್ಲೂಕು ಮಟ್ಟದ ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ವಿಭಾಗದ ಹಿರಿಯ ದಾದಿಯೊಬ್ಬರು ಮಾಡಿದ ಭಾಷಣ)



ನನಗೆ ಕೊಟ್ಟಿದ್ದ ವಿಷಯ 'ಮಕ್ಕಳ ಪೌಷ್ಟಿಕ ಆಹಾರ'. ಇದರ ಬಗ್ಗೆ ನೀವು ಎಷ್ಟೋ ಸಲ ಕೇಳಿದ್ದೀರಿ. ನುಗ್ಗೆಸೊಪ್ಪು, ಮೊಳಕೆಕಾಳು ಎಂದು ನಾನು ಬಾಯಿ ತೆಗೆಯುವ ಮೊದಲೇ ನೀವೇ ಪಾಠ ಒಪ್ಪಿಸಿಬಿಡ್ತೀರಿ. ಆದ್ದರಿಂದ ಇವತ್ತು ಬೇರೆ ಒಂದು ಮಾತು ಹೇಳ್ತೀನಿ. ಕಳೆದ ವಾರ ಒಂದು ಸಂಘದ ಪ್ರೇರಕಿ ನನಗೆ ಸಾಲದ ಅರ್ಜಿಯೊಂದನ್ನು ತೋರಿಸಿದರು. ಆರು ಸಾವಿರ ರೂಪಾಯಿ. ಕಾರಣದ ಜಾಗದಲ್ಲಿ 'ಮಗುವಿನ ಅಲರ್ಜಿ ಟೆಸ್ಟ್ ಮತ್ತು ಡಬ್ಬಿ ಪೌಡರ್' ಎಂದು ಬರೆದಿತ್ತು. ಆ ತಾಯಿಯ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಹೆಸರು ಬೇಡ.

ಮಗುವಿಗೆ ಒಂದು ವರ್ಷ ಎರಡು ತಿಂಗಳು. ಹೆಣ್ಣುಮಗು. ನಾಲ್ಕನೇ ತಿಂಗಳಿನಿಂದಲೇ ಕೆನ್ನೆ, ಮೊಣಕೈ ಮಡಿಕೆಯಲ್ಲೆಲ್ಲ ತುರಿಕೆ, ಇಸಬು. ಎಂಟನೇ ತಿಂಗಳಲ್ಲಿ ಒಂದು ದಿನ ಬಾಯಿಯ ಸುತ್ತ ಕೆಂಪಾಯಿತು. ಪಕ್ಕದ ಮನೆಯವರು ಮೊಟ್ಟೆ ನಿಲ್ಲಿಸು ಅಂದರು, ನಿಲ್ಲಿಸಿದರು. ಅಜ್ಜಿ ಕಡಲೆಬೀಜ ನಂಜು ಅಂದರು, ಅದೂ ಹೋಯಿತು. ಮೀನು ನಂಜು, ಹಾಲು ಕಫ, ಬೇಳೆ ವಾಯು. ಒಂದೊಂದಾಗಿ ಎಲ್ಲವೂ ತಟ್ಟೆಯಿಂದ ಇಳಿದು, ಈಗ ಮಗು ತಿನ್ನುತ್ತಿರುವುದು ಅನ್ನದ ಗಂಜಿ ಮತ್ತು ಬಿಸ್ಕತ್ತು. ಅಂಗನವಾಡಿಯಲ್ಲಿ ತೂಕ ಹಾಕಿಸಿದರೆ ಏಳು ಕಿಲೋ. ಚಾರ್ಟಿನಲ್ಲಿ ಹಳದಿ ಭಾಗಕ್ಕೆ ಬಂದಿದೆ. ಇಸಬು ಮಾತ್ರ ಮೊದಲಿನಂತೆಯೇ ಇದೆ.

ಇಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಹೇಳಿದವರಲ್ಲ. ಎಲ್ಲರಿಗೂ ಆ ಮಗುವಿನ ಮೇಲೆ ಪ್ರೀತಿಯೇ. ಆದರೆ ಆ ತಾಯಿ ನನ್ನನ್ನು, "ಹಾಗಾದ್ರೆ ಸಿಸ್ಟರ್, ಇವತ್ತು ರಾತ್ರಿಯೇ ಮೊಟ್ಟೆ ಕೊಡ್ಲಾ?" ಎಂದು ಕೇಳಿದಾಗ ನಾನು ಕೊಡು ಎನ್ನಲಿಲ್ಲ. ಬೇಡ, ಮೊದಲು ಮಕ್ಕಳ ಡಾಕ್ಟರಿಗೆ ತೋರಿಸೋಣ ಎಂದೆ. ನಿಲ್ಲಿಸಿದ್ದೂ ತಪ್ಪು, ಈಗ ಏಕಾಏಕಿ ಕೊಡುವುದೂ ತಪ್ಪು. ಇದೇನಿದು ಎರಡು ನಾಲಿಗೆಯ ಮಾತು ಅಂದುಕೊಳ್ಳಬೇಡಿ. ಅದನ್ನು ತಿಳಿಸುವುದಕ್ಕೇ ಈ ಭಾಷಣ.

ನಮ್ಮ ದೇಹದಲ್ಲಿ ಕಾವಲು ಕಣಗಳಿವೆ. ಹೊರಗಿನಿಂದ ಬಂದ ರೋಗಾಣುವನ್ನು ಗುರುತಿಸಿ ಹೊಡೆಯುವುದು ಅವುಗಳ ಕೆಲಸ. ಗುರುತಿಸುವುದು ಹೇಗೆ? ಮುಖ್ಯವಾಗಿ ಪ್ರೋಟೀನಿನಿಂದ. ನನ್ನದಲ್ಲದ ಪ್ರೋಟೀನು ಬಂದರೆ ಅನುಮಾನ. ಈಗ ಯೋಚನೆ ಮಾಡಿ. ನಾವು ದಿನಾ ತಿನ್ನುವ ಬೇಳೆ, ಹಾಲು, ಮೊಟ್ಟೆ, ಮೀನು ಎಲ್ಲವೂ ನಮ್ಮದಲ್ಲದ ಪ್ರೋಟೀನೇ ಅಲ್ವಾ? ಕೋಳಿಯದು, ಹಸುವಿನದು, ತೊಗರಿ ಗಿಡದ್ದು. ಬಹುಪಾಲು ಹೊಟ್ಟೆಯಲ್ಲಿ ಜೀರ್ಣವಾಗಿ ಚೂರುಚೂರಾಗುತ್ತದೆ, ನಿಜ. ಆದರೆ ಸ್ವಲ್ಪ ಭಾಗ ಇಡಿಯಾಗಿಯೇ ಕರುಳಿನ ಗೋಡೆ ದಾಟುತ್ತದೆ. ಅಷ್ಟೇ ಅಲ್ಲ, ದೇಹದ ಕಾವಲು ಕಣಗಳ ದೊಡ್ಡ ಪಡೆ ಇರುವುದೇ ಕರುಳಿನ ಸುತ್ತ. ಪೊಲೀಸ್ ಠಾಣೆಯ ಎದುರೇ ದಿನಾ ಮೂರು ಹೊತ್ತು ಅಪರಿಚಿತರ ಮೆರವಣಿಗೆ ಹೋದ ಹಾಗೆ. ಆದರೂ ಜಗಳವಿಲ್ಲ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಏನೂ ಆಗುವುದಿಲ್ಲ. ಯಾಕೆ ಆಗುವುದಿಲ್ಲ ಅನ್ನುವುದೇ ದೊಡ್ಡ ಪ್ರಶ್ನೆ.

ಇದು ಹಳೆಯ ಪ್ರಶ್ನೆ. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿದರು. ಮೊದಲ ಸಲ ತಡೆದುಕೊಂಡ ನಾಯಿಗೆ ಮೂರು ವಾರ ಬಿಟ್ಟು ತೀರ ಕಡಿಮೆ ಪ್ರಮಾಣ ಚುಚ್ಚಿದಾಗ ಅದು ಕೆಲವೇ ನಿಮಿಷಗಳಲ್ಲಿ ಒದ್ದಾಡಿ ಸತ್ತಿತು. ದೇಹ ಮೊದಲ ಸಲ ಶತ್ರುವೆಂದು ನೆನಪಿಟ್ಟುಕೊಂಡು ಎರಡನೇ ಸಲ ಅತಿಯಾಗಿ ಸಿಡಿದಿತ್ತು. ಈ ಶೋಧನೆಗೆ ರಿಶೆಯವರಿಗೆ 1913ರಲ್ಲಿ ನೊಬೆಲ್ ಬಹುಮಾನ ಬಂತು. 1911ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಗಿಡಿಯನ್ ವೆಲ್ಸ್ ಎಂಬುವರು ಗಿನಿ ಹಂದಿಗಳ ಮೇಲೆ ಪ್ರಯೋಗ ಮಾಡಿದರು. ಅದು ಹಂದಿಯಲ್ಲ, ಮೊಲದ ಮರಿಯಷ್ಟಿರುವ ಇಲಿ ಜಾತಿಯ ಪ್ರಾಣಿ. ಮೊಟ್ಟೆಯ ಪ್ರೋಟೀನನ್ನು ಚುಚ್ಚಿ, ಕೆಲವು ವಾರ ಬಿಟ್ಟು ಮತ್ತೆ ಚುಚ್ಚಿದರೆ ಅವು ಸಾಯುತ್ತಿದ್ದವು. ಆದರೆ ಮೊದಲೇ ಮೊಟ್ಟೆಯನ್ನು ಬಾಯಿಯಿಂದ ತಿಂದು ಅಭ್ಯಾಸವಾಗಿದ್ದ ಪ್ರಾಣಿಗಳಿಗೆ ಹಾಗೆ ಆಗಲಿಲ್ಲ. ಅದೇ ಮೊಟ್ಟೆ. ಒಳಗೆ ಹೋದ ದಾರಿ ಮಾತ್ರ ಬೇರೆ.

ನಮ್ಮ ಮನೆಗಳನ್ನೇ ತೆಗೆದುಕೊಳ್ಳಿ. ಒಬ್ಬ ಹೊಸಬ ಹಗಲಿನಲ್ಲಿ ತಲೆಬಾಗಿಲಿಗೆ ಬರುತ್ತಾನೆ, ಮನೆಯವರು ಬನ್ನಿ ಅಂತಾರೆ, ನೀರು ಕೊಡ್ತಾರೆ. ನಾಯಿ ಒಂದು ಸಲ ಮೂಸಿ ಸುಮ್ಮನಾಗುತ್ತದೆ. ನಾಲ್ಕು ದಿನ ಬಂದರೆ ಬಾಲ ಆಡಿಸುತ್ತದೆ. ಅದೇ ಮನುಷ್ಯ ಮೊದಲ ಸಲವೇ ರಾತ್ರಿ ಹಿತ್ತಿಲ ಗೋಡೆ ಹಾರಿ ಬಂದನೆನ್ನಿ, ಆಮೇಲೆ ಅವನು ಹಗಲಿನಲ್ಲಿ ತಲೆಬಾಗಿಲಿಗೆ ಬಂದರೂ ನಾಯಿ ಬಿಡುವುದಿಲ್ಲ. ಕರುಳು ತಲೆಬಾಗಿಲು. ಒಡೆದ, ಇಸಬು ಹತ್ತಿದ ಚರ್ಮ ಹಿತ್ತಿಲ ಗೋಡೆ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ.

ತಲೆಬಾಗಿಲಿನಲ್ಲಿ 'ಬನ್ನಿ' ಎನ್ನುವವರು ಯಾರು? ಕರುಳಿನ ಗೋಡೆಯಲ್ಲಿ ಕೆಲವು ಕಣಗಳು ಊಟದ ಪ್ರೋಟೀನಿನ ಚೂರನ್ನು ಎತ್ತಿಕೊಂಡು ಹತ್ತಿರದ ಹಾಲ್ರಸ ಗ್ರಂಥಿಗೆ, ಅಂದರೆ ಗಡ್ಡೆಗೆ ಒಯ್ಯುತ್ತವೆ. (ಕಾಲಿಗೆ ಗಾಯವಾದರೆ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತದಲ್ಲ, ಅದೇ ಜಾತಿಯ ಗ್ರಂಥಿಗಳು ಹೊಟ್ಟೆಯೊಳಗೂ ಇವೆ.) ಅಲ್ಲಿ ಎಳೆಯ ರಕ್ಷಣಾ ಕಣಗಳಿಗೆ ಆ ಚೂರನ್ನು ತೋರಿಸಿ, ಇದು ಊಟ, ಇದರ ಮೇಲೆ ಹೋಗಬೇಡಿ ಎಂದು ಕಲಿಸುತ್ತವೆ. ಹಾಗೆ ಕಲಿತ ಕಣಗಳಿಗೆ ನಿಯಂತ್ರಕ ಟಿ ಕಣಗಳು ಎಂದು ಹೆಸರು. ಇವು ತಾವು ಸುಮ್ಮನಿರುವುದಷ್ಟೇ ಅಲ್ಲ, ಮೈತುಂಬ ಓಡಾಡಿ ಬೇರೆ ಕಣಗಳನ್ನೂ ಸುಮ್ಮನಿರಿಸುತ್ತವೆ. ಈ ಪಾಠಕ್ಕೆ ಎ ಅನ್ನಾಂಗದಿಂದ ತಯಾರಾಗುವ ಒಂದು ವಸ್ತು ಬೇಕೆಂದು ಇಲಿಗಳ ಮೇಲಿನ ಅಧ್ಯಯನಗಳಲ್ಲಿ ಕಂಡಿದೆ. ಕರುಳಿನಲ್ಲಿ ವಾಸಿಸುವ ಒಳ್ಳೆಯ ಸೂಕ್ಷ್ಮಾಣುಗಳೂ ಕೈಜೋಡಿಸುತ್ತವೆ. ನುಗ್ಗೆಸೊಪ್ಪು ಕೊನೆಗೂ ಬಂತು ನೋಡಿ!

ಈ ನಿಯಂತ್ರಕ ಕಣಗಳನ್ನು 1995ರಲ್ಲಿ ಜಪಾನಿನ ಶಿಮೊನ್ ಸಕಾಗುಚಿ ಗುರುತಿಸಿದರು. 2001ರಲ್ಲಿ ಅಮೆರಿಕದ ಮೇರಿ ಬ್ರಂಕೋ ಎಂಬ ಮಹಿಳೆ ಮತ್ತು ಫ್ರೆಡ್ ರಾಮ್ಸ್‌ಡೆಲ್, ಇಲಿಗಳಲ್ಲಿ ಯಾವ ವಂಶವಾಹಿ ಕೆಟ್ಟರೆ ರಕ್ಷಣಾ ಪಡೆ ತನ್ನ ದೇಹವನ್ನೇ ಹೊಡೆಯುತ್ತದೆ ಎಂಬುದನ್ನು ಕಂಡುಹಿಡಿದರು. ಅದೇ ವಂಶವಾಹಿ ಕೆಟ್ಟು ಹುಟ್ಟುವ ಗಂಡುಮಕ್ಕಳಿದ್ದಾರೆ, ಬಹಳ ಅಪರೂಪ. ಅವರಿಗೆ ಹುಟ್ಟಿದ ಕೆಲವೇ ವಾರಗಳಲ್ಲಿ ನಿಲ್ಲದ ಭೇದಿ, ಇಸಬು, ಸಕ್ಕರೆ ಕಾಯಿಲೆ, ಆಹಾರದ ಅಲರ್ಜಿ ಎಲ್ಲ ಒಟ್ಟಿಗೆ ಬರುತ್ತವೆ. ನಮ್ಮ ಉಳಿದ ಮಕ್ಕಳು ಅನ್ನ ಉಂಡು ನೆಮ್ಮದಿಯಾಗಿ ಮಲಗುವುದರ ಹಿಂದೆ ಎಷ್ಟು ಕೆಲಸ ನಡೆದಿರುತ್ತದೆ ನೋಡಿ. ಈ ಮೂವರಿಗೆ 2025ರಲ್ಲಿ ನೊಬೆಲ್ ಬಹುಮಾನ ಸಿಕ್ಕಿತು.

ಈಗ ನನ್ನ ತಪ್ಪಿನ ವಿಷಯ. ಇಪ್ಪತ್ತು ವರ್ಷದ ಹಿಂದೆ ನಾನು ಇದೇ ರೀತಿ ಸಂಘಗಳ ಸಭೆಗಳಲ್ಲಿ ಮಾತಾಡುತ್ತಿದ್ದೆ. ಮನೆಯಲ್ಲಿ ಯಾರಿಗಾದರೂ ಉಬ್ಬಸ, ಅಲರ್ಜಿ ಇದ್ದರೆ ಮಗುವಿಗೆ ಎರಡು ವರ್ಷದವರೆಗೆ ಮೊಟ್ಟೆ ಬೇಡ, ಮೂರು ವರ್ಷದವರೆಗೆ ಕಡಲೆಬೀಜ, ಮೀನು ಬೇಡ ಎಂದು ಹೇಳುತ್ತಿದ್ದೆ. ತರಬೇತಿಯಲ್ಲಿ ಹಾಗೆ ಕಲಿತಿದ್ದೆ. ಅದು ಯಾರೋ ಗಾಳಿಯಲ್ಲಿ ಹೇಳಿದ ಮಾತಲ್ಲ. 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಅಲರ್ಜಿಯ ಮನೆತನದ ಮಕ್ಕಳಿಗೆ ಈ ಸಲಹೆ ಕೊಟ್ಟಿತ್ತು. ಕೇಳುವುದಕ್ಕೆ ನ್ಯಾಯವಾಗಿಯೂ ಇತ್ತು. ತೊಂದರೆ ಕೊಡುವ ವಸ್ತುವನ್ನು ದೂರ ಇಟ್ಟರೆ ತೊಂದರೆ ಬಾರದು, ಅಲ್ವಾ? ಆದರೆ ಹಾಗೆ ದೂರ ಇಟ್ಟ ದೇಶಗಳಲ್ಲಿ ಕಡಲೆಬೀಜದ ಅಲರ್ಜಿ ಕಡಿಮೆಯಾಗಲಿಲ್ಲ, ಹೆಚ್ಚಿತು. 2008ರಲ್ಲಿ ಅಕಾಡೆಮಿ ಆ ಸಲಹೆಗೆ ಆಧಾರ ಸಾಲದು ಎಂದು ಹಿಂದಕ್ಕೆ ತೆಗೆದುಕೊಂಡಿತು. ಆ ಸುದ್ದಿ ನನ್ನ ಕಿವಿಗೆ ಬೀಳಲು ಮತ್ತೆ ಎಷ್ಟೋ ವರ್ಷ ಹಿಡಿಯಿತು. ಅಷ್ಟರಲ್ಲಿ ನನ್ನ ಮಾತು ಕೇಳಿ ಮೊಟ್ಟೆ ನಿಲ್ಲಿಸಿದ ಮನೆಗಳೆಷ್ಟೋ. ಇಲ್ಲಿ ಕುಳಿತಿರುವ ಅಜ್ಜಿಯಂದಿರಲ್ಲಿ ಕೆಲವರು ಸೊಸೆಯರಿಗೆ ಹೇಳುತ್ತಿರುವುದು ನಂಜಿನ ಮಾತೋ, ನಾನು ಆಗ ಹೇಳಿದ ಮಾತೋ, ನನಗೇ ಅನುಮಾನ.

ಸತ್ಯ ಹೊರಬಿದ್ದದ್ದು ಹೀಗೆ. ಲಂಡನ್ನಿನ ಮಕ್ಕಳ ವೈದ್ಯ ಗಿಡಿಯನ್ ಲ್ಯಾಕ್ ಮತ್ತು ಜೊತೆಗಾರರು, ಇಂಗ್ಲೆಂಡಿನಲ್ಲಿರುವ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿ 2008ರಲ್ಲಿ ಪ್ರಕಟಿಸಿದರು. ಮೂಲ ಒಂದೇ. ಆದರೆ ಇಂಗ್ಲೆಂಡಿನ ಮಕ್ಕಳಲ್ಲಿ ಕಡಲೆಬೀಜದ ಅಲರ್ಜಿ ಸುಮಾರು ಹತ್ತು ಪಟ್ಟು ಹೆಚ್ಚು. ವ್ಯತ್ಯಾಸ ಎಲ್ಲಿ? ಇಸ್ರೇಲಿನಲ್ಲಿ ಬಂಬಾ ಎಂಬ ತಿಂಡಿ ಇದೆ. ಜೋಳದ ಹಿಟ್ಟು ಉಬ್ಬಿಸಿ ಕಡಲೆಬೀಜ ಬೆರೆಸಿದ್ದು, ಬಾಯಲ್ಲಿಟ್ಟರೆ ಕರಗುತ್ತದೆ. ಹಲ್ಲು ಬರುವ ಮೊದಲೇ ಮಕ್ಕಳ ಕೈಗೆ ಅದನ್ನು ಕೊಡುತ್ತಾರೆ. ಇಂಗ್ಲೆಂಡಿನಲ್ಲಿ ಆಗ ಮೊದಲ ವರ್ಷ ಕಡಲೆಬೀಜ ತಿನ್ನಿಸುವವರೇ ಕಡಿಮೆ ಇದ್ದರು.

ಇದು ಬರೀ ಅನುಮಾನ. ಪರೀಕ್ಷೆ ಮಾಡಬೇಕಲ್ಲ? ಅದಕ್ಕಾಗಿ ನಾಲ್ಕರಿಂದ ಹನ್ನೊಂದು ತಿಂಗಳ 640 ಮಕ್ಕಳನ್ನು ಆರಿಸಿದರು. ಎಲ್ಲರಿಗೂ ಜೋರಾದ ಇಸಬು ಅಥವಾ ಮೊಟ್ಟೆ ಅಲರ್ಜಿ ಅಥವಾ ಎರಡೂ ಇದ್ದವು. ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲಿನವರು ಕಡಲೆಬೀಜ ಮುಟ್ಟಲೇಬಾರದು. ಇನ್ನೊಂದು ಪಾಲಿನವರು ವಾರಕ್ಕೆ ಮೂರು ಸಲವಾದರೂ ತಿನ್ನಲೇಬೇಕು. ಐದು ವರ್ಷ ತುಂಬಿದಾಗ ನೋಡಿದರೆ, ದೂರ ಇಟ್ಟವರಲ್ಲಿ ನೂರಕ್ಕೆ 17 ಮಕ್ಕಳಿಗೆ ಅಲರ್ಜಿ ಬಂದಿತ್ತು. ತಿಂದವರಲ್ಲಿ ನೂರಕ್ಕೆ 3. ಇದು ಪ್ರಕಟವಾದದ್ದು 2015ರಲ್ಲಿ. ಆ ಮಕ್ಕಳನ್ನೇ ಹನ್ನೆರಡು ಹದಿಮೂರು ವರ್ಷದವರಾದಾಗ ಮತ್ತೆ ನೋಡಿ 2024ರಲ್ಲಿ ಬರೆದರು. ಆಗಲೂ 15 ಮತ್ತು 4ರ ಅಂತರ ಹಾಗೇ ಉಳಿದಿತ್ತು. ಜಪಾನಿನಲ್ಲಿ ಇಸಬು ಇದ್ದ ಮಕ್ಕಳಿಗೆ, ಇಸಬಿಗೆ ಸರಿಯಾಗಿ ಮುಲಾಮು ಹಚ್ಚುತ್ತಾ, ಆರನೇ ತಿಂಗಳಿನಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ತೀರ ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಒಂದು ವರ್ಷಕ್ಕೆ ಮೊಟ್ಟೆ ಅಲರ್ಜಿ ತಿಂದವರಲ್ಲಿ ನೂರಕ್ಕೆ 8, ತಿನ್ನದವರಲ್ಲಿ 38. ಇದು 2017ರ ವರದಿ.

ಒಂದು ಮಾತನ್ನು ಗಮನಿಸಿ. ಲಂಡನ್ನಿನಲ್ಲಿ ಮೊದಲೇ ಚರ್ಮದ ಮೇಲೆ ಪರೀಕ್ಷೆ ಮಾಡಿ, ಆಗಲೇ ಅಲರ್ಜಿ ಜೋರಾಗಿದ್ದ ಮಕ್ಕಳನ್ನು ಸೇರಿಸಿಕೊಳ್ಳಲೇ ಇಲ್ಲ. ಉಳಿದವರಿಗೂ ಮೊದಲ ತುತ್ತನ್ನು ಆಸ್ಪತ್ರೆಯಲ್ಲೇ ಕೊಟ್ಟರು. ಬೇಗ ತಿನ್ನಿಸುವುದು ಅಲರ್ಜಿ ಬಾರದ ಹಾಗೆ ತಡೆಯುವುದಕ್ಕೆ. ಬಂದ ಮೇಲೆ ಅದೇ ಮದ್ದಲ್ಲ.

ಈಗ ಹಿತ್ತಿಲ ಗೋಡೆಗೆ ಬರೋಣ. ಅದೇ ಲ್ಯಾಕ್ ಅವರ ತಂಡ 2003ರಲ್ಲಿ ಇಂಗ್ಲೆಂಡಿನ ಮಕ್ಕಳಲ್ಲಿ ಇನ್ನೊಂದು ವಿಷಯ ಕಂಡಿತ್ತು. ಶಿಶುವಿನ ಕೆರೆತದ ಚರ್ಮಕ್ಕೆ ಕಡಲೆಕಾಯಿ ಎಣ್ಣೆ ಇರುವ ಕ್ರೀಮು ಹಚ್ಚಿದ್ದಲ್ಲಿ ಕಡಲೆಬೀಜದ ಅಲರ್ಜಿ ಹೆಚ್ಚಾಗಿತ್ತು. ಇನ್ನೂ ಸ್ಪಷ್ಟವಾದ ಘಟನೆ ಜಪಾನಿನದು. ಅಲ್ಲಿ ಹೆಂಗಸರು ಇಷ್ಟಪಟ್ಟು ಕೊಳ್ಳುತ್ತಿದ್ದ ಒಂದು ಮುಖದ ಸೋಪಿಗೆ ನೊರೆ ಚೆನ್ನಾಗಿ ಬರಲೆಂದು ಗೋಧಿಯ ಪ್ರೋಟೀನನ್ನು ಒಡೆದು ಸೇರಿಸಿದ್ದರು. ದಿನಾ ಮುಖ ತಿಕ್ಕಿ ತಿಕ್ಕಿ ಅದು ಚರ್ಮದ ಮೂಲಕ, ಕಣ್ಣಿನ ಮೂಲಕ ಒಳಗೆ ಹೋಯಿತು. ಹುಟ್ಟಿದಾಗಿನಿಂದ ಗೋಧಿ ತಿಂದು ಏನೂ ಆಗದಿದ್ದ ಹೆಂಗಸರಿಗೆ ಬ್ರೆಡ್ಡು, ನೂಡಲ್ಸ್ ತಿಂದರೆ ಕಣ್ಣುರೆಪ್ಪೆ ಊದಿಕೊಂಡು, ಕೆಲವರು ಪ್ರಜ್ಞೆ ತಪ್ಪುವ ಮಟ್ಟಿಗೆ ಹೋದರು. 2011ರಲ್ಲಿ ಸೋಪನ್ನು ಹಿಂದಕ್ಕೆ ತೆಗೆಸಿದರು. ತೊಂದರೆಯಾದವರು ಎರಡು ಸಾವಿರಕ್ಕೂ ಹೆಚ್ಚು. ಸೋಪು ಬಿಟ್ಟ ಮೇಲೆ ಬಹಳ ಜನರಿಗೆ ನಿಧಾನವಾಗಿ ಕಡಿಮೆಯಾಯಿತು. ನಮ್ಮ ಎರಡು ಮೂರು ಸಂಘಗಳು ಸೋಪು ತಯಾರಿಸಿ ಮಾರುತ್ತಿವೆ. ಹಾಲು, ಕಡಲೆಹಿಟ್ಟು, ಬಾದಾಮಿ ಎಂದು ಹೊಸ ಹೊಸದು ಸೇರಿಸುವ ಉತ್ಸಾಹ ನನಗೂ ಗೊತ್ತು. ಶಿಶುಗಳಿಗೆಂದು ಮಾರುವ ಸೋಪಿಗೆ ಇವು ಯಾವುದೂ ಬೇಡ, ಆಯ್ತಾ?

ಎಣ್ಣೆ ಹಚ್ಚಿ ಮಗುವಿಗೆ ಸ್ನಾನ ಮಾಡಿಸುವುದನ್ನು ನಿಲ್ಲಿಸಿ ಎಂದು ಹೇಳುತ್ತಿಲ್ಲ. ಚರ್ಮ ಚೆನ್ನಾಗಿದ್ದರೆ ಮಾಡಿ. ಆದರೆ ಇಸಬು ಇರುವ, ಒಡೆದು ನೀರು ಸೋರುವ ಜಾಗಕ್ಕೆ ಕಡಲೆಹಿಟ್ಟು, ಹಾಲಿನ ಕೆನೆ, ಕಡಲೆಕಾಯಿ ಎಣ್ಣೆ ಹಚ್ಚಬೇಡಿ. ಇಸಬಿಗೆ ಡಾಕ್ಟರು ಕೊಟ್ಟ ಮುಲಾಮು ಹಚ್ಚಿ ಗೋಡೆಯನ್ನು ರಿಪೇರಿ ಮಾಡಿ. ಆ ಮಗುವಿನ ಮನೆಯಲ್ಲಿ ಆಗಿದ್ದು ನೋಡಿ: ಇಸಬಿಗೆ ಔಷಧಿ ಇಲ್ಲದೆ ಹಿತ್ತಿಲ ಗೋಡೆ ಬಿದ್ದಿದೆ. ಮೊಟ್ಟೆ, ಕಡಲೆಬೀಜ ಬಾಯಿಗೆ ಹೋಗುತ್ತಿಲ್ಲ, ತಲೆಬಾಗಿಲಿಗೆ ಬೀಗ. ಆದರೆ ಮನೆಯ ಉಳಿದವರು ಅದೇ ಮೊಟ್ಟೆ ತಿಂದ ಕೈಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತಾರೆ, ಹಾಸಿಗೆಯ ಧೂಳಿನಲ್ಲೂ ಅದರ ಕಣ ಇರುತ್ತದೆ. ಆರು ತಿಂಗಳಿನಿಂದ ಹೀಗೆ. ಇಷ್ಟರೊಳಗೆ ಆ ಮಗುವಿನ ದೇಹ ಮೊಟ್ಟೆಯನ್ನು ಕಳ್ಳನೆಂದು ಗುರುತಿಸಿಕೊಂಡಿದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಅದಕ್ಕೇ ನಾನು ಇವತ್ತು ರಾತ್ರಿ ಕೊಡಬೇಡ ಎಂದದ್ದು.

ಹಾಗಾದರೆ ಆರು ಸಾವಿರದ ಟೆಸ್ಟ್ ಮಾಡಿಸಲಿ ಬಿಡಿ ಎಂದು ಕೇಳಬಹುದು. ಒಂದು ಸಲ ರಕ್ತ ತೆಗೆದು ನಲವತ್ತು ಐವತ್ತು ಪದಾರ್ಥಗಳ ಪಟ್ಟಿ ಕೊಡುವ ಟೆಸ್ಟುಗಳಿವೆ. ಬೆಂಗಳೂರು ಮತ್ತು ಮೈಸೂರು ಭಾಗದಲ್ಲಿ ದೊಡ್ಡವರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ರಕ್ತದಲ್ಲಿ ಯಾವುದಾದರೊಂದು ಆಹಾರಕ್ಕೆ ಪಾಸಿಟಿವ್ ಬಂದವರು ನೂರಕ್ಕೆ ಸುಮಾರು 26. ನಿಜವಾಗಿ ಆಹಾರದ ಅಲರ್ಜಿ ಇರಬಹುದಾದವರು ನೂರಕ್ಕೆ ಒಬ್ಬರು, ಸ್ವಲ್ಪ ಹೆಚ್ಚು. ಉಳಿದವರು ಅದನ್ನೇ ತಿಂದು ಆರಾಮವಾಗಿದ್ದಾರೆ! ಹೀಗಿರುವಾಗ ಪಟ್ಟಿ ಹಿಡಿದು ಪಾಸಿಟಿವ್ ಬಂದದ್ದನ್ನೆಲ್ಲ ನಿಲ್ಲಿಸಿದರೆ ಮಗುವಿನ ಗತಿ ಏನು? ಟೆಸ್ಟ್ ಬೇಡವೇ ಬೇಡ ಎನ್ನುತ್ತಿಲ್ಲ. ಏನು ತಿಂದಾಗ, ಎಷ್ಟು ಹೊತ್ತಿನಲ್ಲಿ, ಏನಾಯಿತು ಎಂದು ಕೇಳಿದ ಮೇಲೆ ಡಾಕ್ಟರು ಆ ಒಂದೆರಡು ಪದಾರ್ಥಕ್ಕೆ ಮಾತ್ರ ಪರೀಕ್ಷೆ ಬರೆಯುತ್ತಾರೆ. ಲ್ಯಾಬಿನವರು ಇಡೀ ಪ್ಯಾಕೇಜು ಮಾರಲು ಬಂದರೆ ಮೊದಲು ನಮ್ಮನ್ನು ಕೇಳಿ. ಸಂಘದ ದುಡ್ಡು ನಿಮ್ಮ ಬೆವರಿನ ದುಡ್ಡು.

ಇನ್ನು ಆರೋಗ್ಯವಾಗಿರುವ ಮಗುವಿಗೆ ಹೇಗೆ ಶುರು ಮಾಡಬೇಕು? ಆರು ತಿಂಗಳವರೆಗೆ ಎದೆಹಾಲು ಮಾತ್ರ. ಆರು ತುಂಬಿದ ಮೇಲೆ ರಾಗಿ ಸರಿ, ಬೇಳೆ ಕಟ್ಟು, ಅನ್ನ. ಅದು ಒಗ್ಗಿದ ಹಾಗೆ ಪೂರ್ತಿ ಬೆಂದ ಮೊಟ್ಟೆಯನ್ನು ಕಡಲೆ ಗಾತ್ರದಷ್ಟು ಕಿವುಚಿ ಕೊಡಿ. ಹುರಿದ ಕಡಲೆಬೀಜವನ್ನು ನುಣ್ಣಗೆ ಪುಡಿಮಾಡಿ ಕಾಲು ಚಮಚ ರಾಗಿ ಸರಿಗೆ ಕಲಸಿ ಕೊಡಿ. ಇಡೀ ಬೀಜ ಐದು ವರ್ಷದವರೆಗೆ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅದು ಅಲರ್ಜಿಗಿಂತ ದೊಡ್ಡ ಅಪಾಯ. ಮುಳ್ಳು ತೆಗೆದ ಮೀನು ತಿನ್ನುವ ಮನೆಯಲ್ಲಿ ಮೀನೂ ಆಗುತ್ತದೆ. ಹೊಸದನ್ನು ಒಂದು ದಿನಕ್ಕೆ ಒಂದೇ, ಬೆಳಗಿನ ಹೊತ್ತಿನಲ್ಲಿ, ಮಗು ಜ್ವರ ಕೆಮ್ಮು ಇಲ್ಲದೆ ಇರುವಾಗ ಕೊಡಿ. ಒಗ್ಗಿತು ಎಂದ ಮೇಲೆ ಬಿಡಬೇಡಿ, ವಾರಕ್ಕೆ ಎರಡು ಮೂರು ಸಲ ಕೊಡುತ್ತಾ ಇರಿ. ನಾಯಿಗೂ ಮುಖ ಮರೆತುಹೋಗುತ್ತದೆ. ಇಸಬು ಜೋರಾಗಿರುವ ಮಗುವಾದರೆ ಅಥವಾ ಮೊದಲೇ ಏನಾದರೂ ತಿಂದು ತೊಂದರೆಯಾಗಿದ್ದರೆ, ಮೊದಲ ತುತ್ತಿಗೂ ಮುಂಚೆ ಡಾಕ್ಟರು.

ಬಾಯಿಯ ಸುತ್ತ ಮಾತ್ರ ಸ್ವಲ್ಪ ಕೆಂಪಾಗುವುದು ಟೊಮೆಟೊ, ಹುಳಿ ತಾಗಿದರೂ ಆಗುತ್ತದೆ, ಅದಕ್ಕೆ ಗಾಬರಿ ಬೇಡ. ಆದರೆ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈತುಂಬ ಪಿತ್ತದ ಗಂಧೆ ಎದ್ದು, ತುಟಿ ನಾಲಿಗೆ ಊದಿ, ಉಸಿರು ಗೊರಗೊರ ಎಂದರೆ, ಮೇಲಿಂದ ಮೇಲೆ ವಾಂತಿಯಾದರೆ, ಮಗು ಬಿಳಿಚಿಕೊಂಡು ಜೋಲುಬಿದ್ದರೆ ನಂಜು ತೆಗೆಸುವುದು, ಬೇವಿನ ಸೊಪ್ಪು ಇಳಿತೆಗೆಯುವುದು ಮಾಡುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಮಲಗಿಸಿ, ಉಸಿರು ಕಷ್ಟವಾದರೆ ಒರಗಿಸಿ ಹಿಡಿದುಕೊಳ್ಳಿ, ನಡೆಸಬೇಡಿ. ಇದಕ್ಕೆ ಮದ್ದು ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಅಲರ್ಜಿ ಮಾತ್ರೆ ಕೊಟ್ಟು ಕಾಯುವುದು ಸಾಲದು.

ಚೀಟಿಯಲ್ಲಿ ಎರಡು ಪ್ರಶ್ನೆ ಬಂದಿವೆ. ಒಂದು, "ಬಾಣಂತಿ ಮೊಟ್ಟೆ, ಮೀನು, ಕಡಲೆಬೀಜ ಬಿಟ್ಟರೆ ಮಗುವಿಗೆ ಅಲರ್ಜಿ ಬರುವುದಿಲ್ಲವೇ?" ಬಿಟ್ಟರೆ ತಡೆಯಬಹುದು ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ತಾಯಿ ಸೊರಗುವುದು ಮಾತ್ರ ಖಂಡಿತ. ತಾಯಿ ತಿಂದದ್ದರ ಅತಿ ಸಣ್ಣ ಅಂಶ ಎದೆಹಾಲಿನಲ್ಲೂ ಬರುತ್ತದೆ. ಬರಲಿ ಬಿಡಿ. ಮಗುವಿಗೆ ಈಗಾಗಲೇ ಅಲರ್ಜಿ ಇದೆ ಎಂದು ಡಾಕ್ಟರು ಹೇಳಿದ್ದರೆ ಆ ಮಾತು ಬೇರೆ. ಎರಡನೆಯದು, "ನನಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ. ಇದು ಅಲರ್ಜಿಯೇ?" ಅಲ್ಲ. ಅದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ, ದೊಡ್ಡವರಲ್ಲಿ ಬಹಳ ಸಾಮಾನ್ಯ. ಮೊಸರು, ಮಜ್ಜಿಗೆ ನೋಡಿ, ಒಗ್ಗಬಹುದು.

ಆ ಮಗುವನ್ನು ಬರುವ ಬುಧವಾರ ಸರ್ಕಾರಿ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗುತ್ತೇವೆ, ನಾನೂ ಜೊತೆಗಿರುತ್ತೇನೆ. ಬೇಳೆ, ರಾಗಿ, ತುಪ್ಪವನ್ನು ಆ ತಾಯಿ ನಿನ್ನೆಯಿಂದಲೇ ಮತ್ತೆ ಶುರು ಮಾಡಿದ್ದಾರೆ. ಬೇಳೆಯನ್ನು ಮಗು ಮೊದಲು ತಿಂಗಳುಗಟ್ಟಲೆ ಉಂಡು ಏನೂ ಆಗಿರಲಿಲ್ಲ, ನಿಲ್ಲಿಸಿ ಹದಿನೈದು ದಿನವಷ್ಟೇ ಆಗಿತ್ತು. ಅದಕ್ಕೆ ಧೈರ್ಯ ಮಾಡಿದೆವು. ಮೊಟ್ಟೆ, ಹಾಲು, ಕಡಲೆಬೀಜ, ಮೀನಿನ ವಿಷಯ ಡಾಕ್ಟರು ನೋಡಿದ ಮೇಲೆ. ಸಾಲದ ಅರ್ಜಿಯನ್ನು ಅಲ್ಲಿಯವರೆಗೆ ಹಾಗೇ ಇಡಿ ಎಂದು ಸಂಘದವರು ತಾವೇ ಹೇಳಿದ್ದಾರೆ. ನಾಳೆಯಿಂದ ನಿಮ್ಮ ನಿಮ್ಮ ಸಂಘದಲ್ಲಿ ಎರಡು ವರ್ಷದೊಳಗಿನ ಮಕ್ಕಳ ಪಟ್ಟಿ ಮಾಡಿ, ಯಾವ ಮಗುವಿಗೆ ಏನೇನು ನಿಲ್ಲಿಸಿದ್ದಾರೆ, ಯಾರು ಹೇಳಿ ನಿಲ್ಲಿಸಿದರು ಎಂದು ಬರೆದು ತನ್ನಿ. ಯಾರು ಹೇಳಿದ್ದು ಎನ್ನುವ ಕಡೆ ನನ್ನ ಹೆಸರು ಬಂದರೆ ಸಂಕೋಚಪಡದೆ ಬರೆಯಿರಿ.